ಉಸಿರಿನಲ್ಲಿ ಅಳೆದ ಕೊಬ್ಬು

ತೂಕ ಜಾಸ್ತಿ ಇರುವವರಿಗೆ ಸಲಹೆಗಳಿಗೆ ಬರ ಇಲ್ಲ. ಓಡಿ, ಬೆವರು ಸುರಿಸಿ, ಖಾಲಿ ಹೊಟ್ಟೆಯಲ್ಲಿ ನಡೆಯಿರಿ ಅಂತ ಒಬ್ಬರು. ಮೆಲ್ಲಗೆ ನಡೆದರೇನೇ ಕೊಬ್ಬು ಕರಗುವುದು ಅಂತ ಇನ್ನೊಬ್ಬರು. ಮೆಲ್ಲಗೆ ನಡೆದರೆ ಏನೂ ಆಗಲ್ಲ ಅಂತ ಮತ್ತೊಬ್ಬರು. ಜಿಮ್ಮಿನ ಟ್ರೆಡ್‌ಮಿಲ್ ಪರದೆಯ ಮೇಲೂ ಒಂದು ಬಣ್ಣದ ಪಟ್ಟಿ ಇರುತ್ತದೆ, ಇದು ಕೊಬ್ಬು ಕರಗುವ ವಲಯ ಎಂದು. ವಯಸ್ಸು ಒತ್ತಿದರೆ ಸಾಕು, ಎದೆಬಡಿತ ಎಷ್ಟಿರಬೇಕು ಎಂದು ಅದೇ ಹೇಳುತ್ತದೆ. ಒಳಗೆ ನಿಜವಾಗಿ ಏನು ಉರಿಯುತ್ತಿದೆ ಎಂದು ನೋಡುವ ದಾರಿ ಮಾತ್ರ ಅದಕ್ಕೆ ಇಲ್ಲ.

ನನ್ನ ತೂಕ ನೂರು ಕಿಲೋ ದಾಟಿ ವರ್ಷಗಳಾಗಿದ್ದವು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 30ಕ್ಕಿಂತ ಮೇಲೆ, ಅಂದರೆ ವೈದ್ಯರ ಲೆಕ್ಕದಲ್ಲಿ ಬೊಜ್ಜು. ಸಕ್ಕರೆ ಕಾಯಿಲೆ ಇನ್ನೂ ಬಂದಿರಲಿಲ್ಲ, ಆದರೆ ಅದರ ಹೊಸ್ತಿಲಲ್ಲಿದ್ದೆ. ನಡೆಯಲು ಶುರು ಮಾಡುವ ಮೊದಲು ನನಗೆ ಒಂದೇ ಪ್ರಶ್ನೆಗೆ ಉತ್ತರ ಬೇಕಿತ್ತು: ನನ್ನ ಮೈ ಕೊಬ್ಬನ್ನು ಉರಿಸುತ್ತದೆಯೋ ಇಲ್ಲವೋ? ಉರಿಸಿದರೆ ಯಾವ ವೇಗದಲ್ಲಿ? ವೈದ್ಯರನ್ನು ಕೇಳಿದಾಗ, ಇದನ್ನು ಅಳೆಯಬಹುದು ಎಂದರು. ಉಸಿರಿನಿಂದಲೇ. ಇಸಿಜಿ, ರಕ್ತದೊತ್ತಡ ಎಲ್ಲ ನೋಡಿ, ವ್ಯಾಯಾಮ ಪರೀಕ್ಷೆಗೆ ನನ್ನನ್ನು ಕಳಿಸಿದರು.

ಪರೀಕ್ಷೆಯ ನಿಯಮಗಳು ಸರಳ. ಹಿಂದಿನ ದಿನ ಭಾರಿ ಕಸರತ್ತು ಬೇಡ. ರಾತ್ರಿ ಊಟದ ನಂತರ ನೀರು ಬಿಟ್ಟು ಏನೂ ಬೇಡ. ಬೆಳಗ್ಗೆ ಕಾಫಿ ಕೂಡ ಬೇಡ, ಏಕೆಂದರೆ ಕೆಫೀನ್ ಕೊಬ್ಬನ್ನು ರಕ್ತಕ್ಕೆ ಬಿಡಿಸುತ್ತದೆ, ಅಳತೆ ಏರುಪೇರಾಗುತ್ತದೆ. ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ಕೇಳಿದರು. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನುಂಗುವವರಲ್ಲಿ ಎದೆಬಡಿತವೂ ಅಷ್ಟಾಗಿ ಏರುವುದಿಲ್ಲ, ಕೊಬ್ಬೂ ಸಲೀಸಾಗಿ ಬಿಡುಗಡೆಯಾಗುವುದಿಲ್ಲ. ಹಾಗಂತ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಅದನ್ನು ವೈದ್ಯರೇ ತೀರ್ಮಾನಿಸಬೇಕು.

ಕೋಣೆಯೊಳಗೆ ಹೋದಾಗ ತಂತ್ರಜ್ಞೆ ಯಂತ್ರವನ್ನು ಸರಿಹೊಂದಿಸುತ್ತಿದ್ದರು. ಮೂರು ಲೀಟರಿನ ದೊಡ್ಡ ಸಿರಿಂಜ್ ಒಂದನ್ನು ಕೊಳವೆಗೆ ಸಿಕ್ಕಿಸಿ, ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ ಎಳೆದು ತಳ್ಳುತ್ತಿದ್ದರು. ಹೇಗೆ ತಳ್ಳಿದರೂ ಯಂತ್ರ ಮೂರು ಲೀಟರ್ ಅಂತಲೇ ತೋರಿಸಬೇಕು. ಆಮೇಲೆ ಸಣ್ಣ ಸಿಲಿಂಡರಿನಿಂದ ಅಳತೆ ಗೊತ್ತಿರುವ ಗಾಳಿ ಬಿಟ್ಟು ಸೆನ್ಸರುಗಳನ್ನು ಪರೀಕ್ಷಿಸಿದರು. ನಾವು ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ಸುಮಾರು ಶೇ. 20.9 ಆಮ್ಲಜನಕ ಇರುತ್ತದೆ, ಕಾರ್ಬನ್ ಡೈಆಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ಹೊರಬಿಡುವ ಉಸಿರಿನಲ್ಲಿ ಆಮ್ಲಜನಕ ಶೇ. 16-17ಕ್ಕೆ ಇಳಿದಿರುತ್ತದೆ, ಕಾರ್ಬನ್ ಡೈಆಕ್ಸೈಡ್ ಶೇ. 4ರ ಹತ್ತಿರ ಇರುತ್ತದೆ. ಇಡೀ ಪರೀಕ್ಷೆ ಈ ಎರಡು ವ್ಯತ್ಯಾಸಗಳ ಮೇಲೆ ನಿಂತಿದೆ. ಹಾಗಾಗಿ ಅಷ್ಟು ಜಾಗ್ರತೆ.

ಸಿಲಿಕೋನ್ ಮಾಸ್ಕ್ ಮೂಗು ಬಾಯಿ ಎರಡನ್ನೂ ಮುಚ್ಚುತ್ತದೆ. ತಲೆಯ ಹಿಂದಿನಿಂದ ಪಟ್ಟಿ ಬಿಗಿಯುತ್ತಾರೆ. ಅಂಚಿನಲ್ಲಿ ಗಾಳಿ ಸೋರುತ್ತಿದೆಯೇ ಅಂತ ಬೆರಳಿನಿಂದ ತೂತು ಮುಚ್ಚಿ, ಊದಿ ಎನ್ನುತ್ತಾರೆ. ಗಲ್ಲ ತುಂಬಿಕೊಂಡವರಿಗೆ ದೊಡ್ಡ ಅಳತೆಯ ಮಾಸ್ಕ್ ಬೇಕು. ಅವರು ನನ್ನ ಮುಖ ನೋಡಿ ಯಾವ ಮುಜುಗರವೂ ಆಗದ ಹಾಗೆ ಅದನ್ನೇ ಕೈಗೆತ್ತಿಕೊಂಡರು. ಇಂಥ ಕೋಣೆಗಳಲ್ಲಿ ಕೆಲಸ ಮಾಡುವವರ ಈ ಗುಣ ಎಷ್ಟು ದೊಡ್ಡದು ಎಂದು ದಪ್ಪ ಇರುವವರಿಗೆ ಗೊತ್ತು. ಮಾಸ್ಕ್ ಹಾಕಿದ ಮೇಲೆ ಮಾತಿಲ್ಲ. ಎಷ್ಟು ಕಷ್ಟ ಆಗುತ್ತಿದೆ ಅಂತ ಕೇಳಿದಾಗ ಗೋಡೆಯ ಮೇಲಿನ ಪಟ್ಟಿಯಲ್ಲಿ ಬೆರಳು ತೋರಿಸಬೇಕು. ಅದು ಬೋರ್ಗ್ ಮಾಪನ. 6ರಿಂದ 20ರವರೆಗೆ ಅಂಕಿಗಳಿವೆ. 6 ಅಂದರೆ ಏನೂ ಶ್ರಮ ಇಲ್ಲ, 20 ಅಂದರೆ ಇನ್ನು ಆಗಲ್ಲ. ಬಾಯಿ ನಿಧಾನವಾಗಿ ಒಣಗುತ್ತದೆ, ಮಾಸ್ಕಿನ ತಳದಲ್ಲಿ ಆವಿ ನೀರಾಗಿ ಗಲ್ಲಕ್ಕೆ ತಾಗುತ್ತದೆ. ಮೊದಲ ಕೆಲವು ನಿಮಿಷ ಉಸಿರು ಕಟ್ಟಿದಂತೆ ಅನಿಸಿತು, ಆಮೇಲೆ ಹೊಂದಿಕೊಂಡಿತು.

ಉಸಿರಿನಲ್ಲಿ ಕೊಬ್ಬನ್ನು ಅಳೆಯುವುದು ಹೇಗೆ? ಲೆಕ್ಕ ಅಷ್ಟೇನೂ ಕಷ್ಟ ಇಲ್ಲ. ಗ್ಲೂಕೋಸಿನ ಒಂದು ಅಣು ಉರಿಯಲು 6 ಆಮ್ಲಜನಕ ಅಣು ಬೇಕು, ಹೊರಬರುವ ಕಾರ್ಬನ್ ಡೈಆಕ್ಸೈಡ್ ಕೂಡ 6. ಅನುಪಾತ 1. ನಮ್ಮ ಮೈಯಲ್ಲಿ ಹೇರಳವಾಗಿರುವ ಪಾಮಿಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲಕ್ಕೆ 23 ಆಮ್ಲಜನಕ ಬೇಕು, ಹೊರಬರುವುದು 16 ಮಾತ್ರ. ಭಾಗಿಸಿದರೆ ಸುಮಾರು 0.70. ಅಂದರೆ ಬರೀ ಸಕ್ಕರೆ ಉರಿಯುತ್ತಿದ್ದರೆ ಯಂತ್ರ 1 ತೋರಿಸುತ್ತದೆ, ಬರೀ ಕೊಬ್ಬಾದರೆ 0.70. ಸಾಮಾನ್ಯವಾಗಿ ಎರಡೂ ಸೇರಿ ಉರಿಯುತ್ತವೆ, ಅಂಕಿ ನಡುವೆ ಎಲ್ಲೋ ನಿಲ್ಲುತ್ತದೆ. 0.85ರ ಬಳಿ ಹೆಚ್ಚುಕಡಿಮೆ ಅರ್ಧ ಅರ್ಧ. ಈ ಅಂಕಿಯನ್ನು ಆರ್‌ಇಆರ್ ಎನ್ನುತ್ತಾರೆ. ಇದರಿಂದ ಗ್ರಾಂ ಲೆಕ್ಕಕ್ಕೆ ಬರಲು 1983ರಲ್ಲಿ ಕೀತ್ ಫ್ರೇನ್ ಪ್ರಕಟಿಸಿದ ಸೂತ್ರ ಈಗಲೂ ಬಳಕೆಯಲ್ಲಿದೆ. ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕ ಒಳಗೆ ಹೋಯಿತು, ಎಷ್ಟು ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಗೆ ಬಂತು, ಆ ವ್ಯತ್ಯಾಸವನ್ನು 1.67ರಿಂದ ಗುಣಿಸಿದರೆ ಉರಿದ ಕೊಬ್ಬಿನ ಗ್ರಾಂ.

ಮೊದಲು ಸುಮ್ನೆ ಕೂರಿಸಿದರು. ಅಂಕಿ 0.81ರ ಆಚೀಚೆ ಆಡುತ್ತಿತ್ತು. ಅಂದರೆ ಏನೂ ಮಾಡದೆ ಕೂತಿದ್ದಾಗಲೂ ನನ್ನ ಮೈ ಹೆಚ್ಚಾಗಿ ಕೊಬ್ಬಿನ ಮೇಲೇ ನಡೆಯುತ್ತಿತ್ತು. ಇದು ನನಗೆ ಹೊಸ ಸುದ್ದಿ. ನನ್ನ ಮೈಗೆ ಕೊಬ್ಬು ಉರಿಸಲು ಬರುವುದೇ ಇಲ್ಲ ಅಂತ ಎಷ್ಟೋ ಜನ ಎಷ್ಟೋ ಸಲ ಹೇಳಿದ್ದರು.

ಆಮೇಲೆ ನಡಿಗೆ. ಮೂರು ಮೂರು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋದರು. ಮಂಡಿಗೆ ಪೆಟ್ಟಾಗದಿರಲಿ ಅಂತ ವೇಗಕ್ಕಿಂತ ಏರನ್ನೇ ಹೆಚ್ಚಿಸಿದರು. ಪ್ರತಿ ಹಂತದ ಕೊನೆಯ ನಿಮಿಷದ ಅಳತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಅಷ್ಟು ಹೊತ್ತಿಗೆ ಉಸಿರು ಒಂದು ಲಯಕ್ಕೆ ಬಂದಿರುತ್ತದೆ. ಆರಾಮದ ನಡಿಗೆಯಲ್ಲಿ ಕೊಬ್ಬು ನಿಮಿಷಕ್ಕೆ ಸುಮಾರು 0.23 ಗ್ರಾಂ. ಸ್ವಲ್ಪ ಬಿರುಸಾದಾಗ ನಿಮಿಷಕ್ಕೆ 1.05 ಲೀಟರ್ ಆಮ್ಲಜನಕ ಒಳಗೆ, 0.88 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಗೆ, ಕೊಬ್ಬು 0.28 ಗ್ರಾಂ. ಅದೇ ತುದಿ. ಅದರ ಮುಂದಿನ ಹಂತದಲ್ಲಿ ನನಗೆ ಶ್ರಮ ಜಾಸ್ತಿಯಾಯಿತು, ಬೆವರು ಇಳಿಯತೊಡಗಿತು, ಆದರೆ ಪರದೆಯ ಮೇಲಿನ ಕೊಬ್ಬಿನ ಗೆರೆ ಕೆಳಗೆ ಬಾಗಿತು, 0.18. ಇನ್ನೊಂದು ಹಂತ ಹತ್ತಿದಾಗ ಆರ್‌ಇಆರ್ 1 ಮುಟ್ಟಿತು, ಕೊಬ್ಬಿನ ಗೆರೆ ಸೊನ್ನೆಗೆ ಬಂದಿತ್ತು. ನನ್ನ ಬೆರಳು ಬೋರ್ಗ್ ಪಟ್ಟಿಯಲ್ಲಿ 16ರ ಮೇಲಿತ್ತು. ಅಷ್ಟು ಏದುಸಿರಿನಲ್ಲಿ ಈ ಸೂತ್ರವನ್ನು ಪೂರ್ತಿ ನಂಬಲೂ ಬಾರದು. ರಕ್ತದ ಆಮ್ಲೀಯತೆ ಸರಿದೂಗಿಸಲು ಮೈ ಹೆಚ್ಚುವರಿ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತದೆ, ಅದು ಸಕ್ಕರೆ ಉರಿದು ಬಂದದ್ದಲ್ಲ. ಆದರೂ ದಿಕ್ಕು ಸ್ಪಷ್ಟವಾಗಿತ್ತು.

ಈ ತುದಿಗೆ ಫ್ಯಾಟ್‌ಮ್ಯಾಕ್ಸ್ ಎಂಬ ಹೆಸರಿದೆ. ಆಸ್ಕರ್ ಯುಕೆಂಡ್ರಪ್ ಮತ್ತು ಯೂಲ್ ಆಕ್ಟನ್ 2001ರಲ್ಲಿ ಈ ಕಲ್ಪನೆ ಮುಂದಿಟ್ಟರು. 300 ಜನ ಆರೋಗ್ಯವಂತರನ್ನು ಅಳೆದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ತುದಿ ಸರಾಸರಿ ಗರಿಷ್ಠ ಸಾಮರ್ಥ್ಯದ ಶೇ. 48ರ ಬಳಿ ಸಿಕ್ಕಿತು. ಆದರೆ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸ. ಟ್ರೆಡ್‌ಮಿಲ್ಲಿನ ಬಣ್ಣದ ಪಟ್ಟಿಗಿಂತ ನನ್ನ ತುದಿ ಕೆಳಗಿತ್ತು. ಎದೆಬಡಿತ ನಿಮಿಷಕ್ಕೆ 110ರ ಆಸುಪಾಸು. ಪೂರ್ತಿ ವಾಕ್ಯ ಮಾತಾಡಬಹುದು, ಹಾಡಲು ಆಗಲ್ಲ, ಅಷ್ಟು.

ಒಂದು ಗಂಟೆಗೆ ಗುಣಿಸಿ ನೋಡಿದೆ. 17 ಗ್ರಾಂ. ನನ್ನ ಮೈಯಲ್ಲಿ ಸುಮಾರು 40 ಕಿಲೋ ಕೊಬ್ಬಿದೆ. ಗ್ರಾಮಿಗೆ 9 ಕ್ಯಾಲೊರಿಯಂತೆ 3,60,000 ಕ್ಯಾಲೊರಿ. ಮಾಂಸಖಂಡ ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಸಕ್ಕರೆ ಅರ್ಧ ಕಿಲೋ ಆಸುಪಾಸು, ಎರಡು ಸಾವಿರ ಚಿಲ್ಲರೆ ಕ್ಯಾಲೊರಿ. ಅಷ್ಟು ದೊಡ್ಡ ಸಂಗ್ರಹ ಇಟ್ಟುಕೊಂಡು, ಸ್ವಲ್ಪ ಜೋರಾಗಿ ನಡೆದ ತಕ್ಷಣ ಮೈ ಚಿಕ್ಕ ಸಂಗ್ರಹಕ್ಕೇ ಕೈ ಹಾಕುತ್ತದೆ. ಯಾಕೆ? ವೈದ್ಯರು ಈ ಅಳತೆಗಳ ಹಾಳೆ ಮುಂದಿಟ್ಟುಕೊಂಡು ಅರ್ಧ ಗಂಟೆ ವಿವರಿಸಿದರು. ಆಮೇಲೆ ನಾನೂ ಹುಡುಕಿ ಓದಿದೆ. ನನ್ನ ಮಟ್ಟಿಗೆ ಇಡೀ ಅನುಭವದ ತಿರುಳು ಇರುವುದು ಇಲ್ಲೇ.

ಕೊಬ್ಬಿನ ಕೋಶದಿಂದ ಮಾಂಸಖಂಡದವರೆಗೆ ದಾರಿ ಉದ್ದ. ನಡೆಯಲು ಶುರು ಮಾಡಿದಾಗ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಏರುತ್ತವೆ, ಇನ್ಸುಲಿನ್ ಇಳಿಯುತ್ತದೆ. ಕೊಬ್ಬಿನ ಕೋಶದ ಒಳಗಿನ ಕಿಣ್ವಗಳು ಟ್ರೈಗ್ಲಿಸರೈಡನ್ನು, ಅಂದರೆ ಕೂಡಿಟ್ಟ ಕೊಬ್ಬನ್ನು, ಒಡೆಯುತ್ತವೆ. ಮೂರು ಕೊಬ್ಬಿನಾಮ್ಲ, ಒಂದು ಗ್ಲಿಸರಾಲ್. ಕೊಬ್ಬಿನಾಮ್ಲ ನೀರಿನಲ್ಲಿ ಕರಗದು, ಹಾಗಾಗಿ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನೇರಿ ಸಾಗಬೇಕು. ಮಾಂಸಖಂಡದ ಕೋಶ ಅದನ್ನು ಒಳಗೆ ಎಳೆದುಕೊಳ್ಳಬೇಕು. ಅಲ್ಲಿಂದ ಕೋಶದ ಒಲೆಯಂತಿರುವ ಮೈಟೋಕಾಂಡ್ರಿಯದೊಳಗೆ ನುಗ್ಗಬೇಕು. ಆ ಹೊಸ್ತಿಲಲ್ಲಿ ಸಿಪಿಟಿ-1 ಎಂಬ ಕಿಣ್ವ ಕಾವಲಿಗಿದೆ, ಕಾರ್ನಿಟಿನ್ ಎಂಬ ಸಾಗಿಸುವ ಅಣುವಿನ ಜೊತೆ ಸೇರಿಸಿಯೇ ಒಳಗೆ ಬಿಡುತ್ತದೆ. ಒಳಗೆ ಹೋದ ಮೇಲೆ ಎರಡೆರಡು ಕಾರ್ಬನ್ನಿನಂತೆ ಕತ್ತರಿಸಿಕೊಂಡು ಹೋಗಿ, ಕೊನೆಗೆ ಆಮ್ಲಜನಕದಲ್ಲಿ ಉರಿಯುತ್ತದೆ. ಇದರಲ್ಲಿ ಎಲ್ಲಿ ಬೇಕಾದರೂ ಸಾಲು ನಿಲ್ಲಬಹುದು. ಸಕ್ಕರೆಯೋ ಮಾಂಸಖಂಡದೊಳಗೇ ಇದೆ, ಕೂಡಲೇ ಸಿಗುತ್ತದೆ. ಅವಸರದ ಕೆಲಸಕ್ಕೆ ಮೈ ಅದನ್ನೇ ಆರಿಸಿಕೊಳ್ಳುತ್ತದೆ. ವ್ಯಾಯಾಮ ತೀವ್ರವಾದಂತೆ ಸಕ್ಕರೆ ಒಡೆಯುವ ವೇಗ ಎಷ್ಟು ಹೆಚ್ಚುತ್ತದೆ ಎಂದರೆ, ಬಿಡಿಯಾಗಿ ಸಿಗುವ ಕಾರ್ನಿಟಿನ್ ಕಡಿಮೆಯಾಗಿ ಕೊಬ್ಬಿನ ಹೊಸ್ತಿಲು ಇಕ್ಕಟ್ಟಾಗುತ್ತದೆ. ನನ್ನ ಗೆರೆ ಕೆಳಗೆ ಬಾಗಲು ಇದೂ ಒಂದು ಕಾರಣ ಇರಬಹುದು.

ಬೊಜ್ಜಿನ ಮೈಯಲ್ಲಿ ಇದಕ್ಕೆ ಇನ್ನೆರಡು ತೊಡಕು ಸೇರುತ್ತವೆ. ಒಂದು, ರಕ್ತದಲ್ಲಿ ಇನ್ಸುಲಿನ್ ಸದಾ ಸ್ವಲ್ಪ ಹೆಚ್ಚೇ ಇರುತ್ತದೆ. ಇನ್ಸುಲಿನ್ ಇದ್ದಷ್ಟು ಹೊತ್ತು ಕೊಬ್ಬಿನ ಕೋಶ ತನ್ನ ಸರಕನ್ನು ಸಲೀಸಾಗಿ ಬಿಡುವುದಿಲ್ಲ. ಚರ್ಮದಡಿಯ ಕೊಬ್ಬು ಅಡ್ರಿನಲಿನ್ ಕರೆಗೆ ಓಗೊಡುವುದೂ ಕಡಿಮೆ. ಆದರೂ ಸಂಗ್ರಹವೇ ದೊಡ್ಡದಿರುವುದರಿಂದ ರಕ್ತದಲ್ಲಿ ಕೊಬ್ಬಿನಾಮ್ಲಕ್ಕೆ ಕೊರತೆ ಇರುವುದಿಲ್ಲ. ಎರಡನೆಯದು ನನಗೆ ಹೆಚ್ಚು ಮುಖ್ಯ ಅನಿಸಿದ್ದು. ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳದಿರುವುದು) ಎರಡೂ ಇರುವ ಹಲವರ ಮಾಂಸಖಂಡದಲ್ಲಿ ಮೈಟೋಕಾಂಡ್ರಿಯದ ಉರಿಸುವ ಶಕ್ತಿ ಕುಗ್ಗಿರುತ್ತದೆ. ಕೊಬ್ಬಿನಿಂದ ಸಕ್ಕರೆಗೆ, ಸಕ್ಕರೆಯಿಂದ ಕೊಬ್ಬಿಗೆ ಸರಾಗವಾಗಿ ಬದಲಾಗುವ ಚುರುಕು ಕಡಿಮೆ. ಕಣಜ ತುಂಬಿ ತುಳುಕುತ್ತಿದೆ, ಬಾಗಿಲು ಕಿರಿದು. ಹಾಗಂತ ದಪ್ಪ ಇರುವ ಎಲ್ಲರೂ ಕಡಿಮೆ ಕೊಬ್ಬು ಉರಿಸುತ್ತಾರೆ ಎನ್ನುವಂತಿಲ್ಲ. ವ್ಯಾಯಾಮದ ವೇಳೆ ತೆಳ್ಳಗಿರುವವರಷ್ಟೇ, ಕೆಲವೊಮ್ಮೆ ಅವರಿಗಿಂತ ಜಾಸ್ತಿ ಉರಿಸಿದ್ದನ್ನು ತೋರಿಸಿದ ಅಧ್ಯಯನಗಳೂ ಇವೆ. ತೂಕಕ್ಕಿಂತ, ಮಾಂಸಖಂಡ ಎಷ್ಟು ಪಳಗಿದೆ ಎನ್ನುವುದು ಹೆಚ್ಚು ಮುಖ್ಯ.

ಒಳ್ಳೆಯ ಸುದ್ದಿ ಅಂದರೆ ಮಾಂಸಖಂಡವನ್ನು ಪಳಗಿಸಬಹುದು. ಅದಕ್ಕೆ ತೂಕ ಇಳಿಯುವವರೆಗೆ ಕಾಯಬೇಕಿಲ್ಲ. ನಿಯಮಿತ ನಡಿಗೆಯಿಂದ ಮೈಟೋಕಾಂಡ್ರಿಯ ಹೆಚ್ಚುತ್ತವೆ, ಮಾಂಸಖಂಡದ ಸುತ್ತ ಸೂಕ್ಷ್ಮ ರಕ್ತನಾಳಗಳು ಬೆಳೆಯುತ್ತವೆ, ಸಿಪಿಟಿ-1ರ ಚಟುವಟಿಕೆ ಏರುತ್ತದೆ. ವೈದ್ಯರು ಇದನ್ನು ಹೇಳಿದಾಗ ನನ್ನ ಎದೆ ಹಗುರವಾಯಿತು. ಅಲ್ಲಿಯವರೆಗೆ ಪ್ರತಿ ವ್ಯಾಯಾಮವನ್ನೂ ಎಷ್ಟು ಕರಗಿತು ಎಂಬ ಒಂದೇ ಅಳತೆಯಿಂದ ನೋಡುವಂತೆ ಎಲ್ಲರೂ ಹೇಳಿಕೊಟ್ಟಿದ್ದರು. ಗಂಟೆಗೆ 17 ಗ್ರಾಂ ಅಂದರೆ ಯಾರಿಗಾದರೂ ಕೈಚೆಲ್ಲಬೇಕು ಅನಿಸುತ್ತದೆ, ಅಲ್ವಾ? ಆದರೆ ಆ ಗಂಟೆ ಆ 17 ಗ್ರಾಮಿಗಾಗಿ ಮಾತ್ರ ಅಲ್ಲ. ಉಳಿದ 23 ಗಂಟೆ ಮೈ ಹೇಗೆ ನಡೆದುಕೊಳ್ಳಬೇಕು ಎನ್ನುವುದನ್ನು ಆ ಗಂಟೆ ಬದಲಿಸುತ್ತದೆ.

ನನಗೆ ಕೊಟ್ಟ ಯೋಜನೆ ಹೀಗಿತ್ತು. ವಾರದ ಬಹುಪಾಲು ದಿನ 110ರ ಆಸುಪಾಸಿನ ಎದೆಬಡಿತದಲ್ಲಿ ನಡಿಗೆ, ಮೊದಲು ಇಪ್ಪತ್ತು ನಿಮಿಷ, ಆಮೇಲೆ ನಿಧಾನವಾಗಿ ಮುಕ್ಕಾಲು ಗಂಟೆಯವರೆಗೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಅಲ್ಲಿಗೆ ತಲುಪುವುದೇ ಗುರಿ. ಜೊತೆಗೆ ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ. ಊಟದಲ್ಲೂ ಒಂದಿಷ್ಟು ಕಡಿತ. ವ್ಯಾಯಾಮ ಒಂದರಿಂದಲೇ ತೂಕ ಹೆಚ್ಚು ಇಳಿಯುವುದಿಲ್ಲ ಎಂದು ವೈದ್ಯರು ಮೊದಲ ದಿನವೇ ನೇರವಾಗಿ ಹೇಳಿದರು. ನನಗೆ ಆ ನೇರ ಮಾತು ಹಿಡಿಸಿತು.

ಮೊದಲ ವಾರಗಳಲ್ಲಿ ಕಷ್ಟವಾಗಿದ್ದು ನಿಧಾನವಾಗಿ ನಡೆಯುವುದು. ಪಕ್ಕದಲ್ಲಿ ಎಲ್ಲರೂ ಓಡುತ್ತಿರುತ್ತಾರೆ. ಇಷ್ಟು ಮೆಲ್ಲಗೆ ನಡೆದರೆ ಏನು ಬಂತು ಎಂದು ಕೇಳಿದವರೂ ಇದ್ದಾರೆ. ನನ್ನ ಹತ್ತಿರ ಆ ಹಾಳೆ ಇತ್ತು. ಇದಕ್ಕಿಂತ ಜೋರಾದರೆ ನನ್ನ ಮೈಯಲ್ಲಿ ಯಾವ ಗೆರೆ ಎತ್ತ ಹೋಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೆ. ಭಾರದ ಮೈಗೆ ನಡಿಗೆ ಹಗುರದ ಕೆಲಸವೂ ಅಲ್ಲ. ನೂರು ಕಿಲೋ ಹೊತ್ತು ಏರು ಹತ್ತಲು ಅರವತ್ತು ಕಿಲೋದವರಿಗಿಂತ ಎಷ್ಟೋ ಹೆಚ್ಚು ಆಮ್ಲಜನಕ ಬೇಕು. ನೋಡುವವರಿಗೆ ಮೆಲ್ಲಗೆ ಕಾಣುವ ಹೆಜ್ಜೆಯಲ್ಲಿ ಹೃದಯ, ಶ್ವಾಸಕೋಶ, ಮಂಡಿ ಎಲ್ಲವೂ ಪೂರ್ತಿ ದುಡಿಯುತ್ತಿರುತ್ತವೆ. ದಪ್ಪ ಇರುವವರ ನಡಿಗೆಯನ್ನು ಕಂಡು ಆಡಿಕೊಳ್ಳುವವರಿಗೆ ಇದು ಗೊತ್ತಿರಬೇಕಿತ್ತು.

ಕೊಬ್ಬು ಉರಿಸಿದ್ದು ಮತ್ತು ಕೊಬ್ಬು ಇಳಿದದ್ದು ಒಂದೇ ಅಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ನಡೆಯುವಾಗ ಕೊಬ್ಬು ಉರಿಸಿ, ದಿನದ ಕೊನೆಗೆ ಖರ್ಚಿಗಿಂತ ಜಾಸ್ತಿ ತಿಂದರೆ ಅದು ವಾಪಸ್ ಜಮೆಯಾಗುತ್ತದೆ. ಜೋರಾಗಿ ಓಡಿ ಸಕ್ಕರೆ ಖಾಲಿ ಮಾಡಿದವರ ಮೈ ನಂತರದ ಗಂಟೆಗಳಲ್ಲಿ ಹೆಚ್ಚು ಕೊಬ್ಬು ಉರಿಸುತ್ತದೆ. ಹಾಗಾಗಿ ತೀವ್ರ ವ್ಯಾಯಾಮದಿಂದ ಕೊಬ್ಬು ಇಳಿಯುವುದಿಲ್ಲ ಎನ್ನುವುದು ತಪ್ಪು. ಒಟ್ಟು ಖರ್ಚು ಸಮ ಇದ್ದರೆ ಎರಡು ಬಗೆಯಲ್ಲೂ ಇಳಿಯುವ ಕೊಬ್ಬು ಹೆಚ್ಚುಕಡಿಮೆ ಒಂದೇ. ಖಾಲಿ ಹೊಟ್ಟೆಯ ಮಾತೂ ಹೀಗೇ. ಬೆಳಗ್ಗೆ ತಿನ್ನುವ ಮೊದಲು ನಡೆದರೆ ಆ ಹೊತ್ತಿನಲ್ಲಿ ಕೊಬ್ಬಿನ ಪಾಲು ಖಂಡಿತ ಜಾಸ್ತಿ, ಏಕೆಂದರೆ ಇನ್ಸುಲಿನ್ ಕೆಳಗಿರುತ್ತದೆ. ಆದರೆ ಒಟ್ಟು ತಿನ್ನುವುದು ಅಷ್ಟೇ ಇದ್ದರೆ ವಾರಗಳ ಕೊನೆಗೆ ಮೈಯ ಕೊಬ್ಬಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣುವುದಿಲ್ಲ. ನನಗೆ ಬೆಳಗಿನ ಹೊತ್ತು ಅನುಕೂಲ, ಹಾಗಾಗಿ ಬೆಳಗ್ಗೆ ನಡೆದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಖಾಲಿ ಹೊಟ್ಟೆಯಲ್ಲಿ ನಡೆಯಬಾರದು. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದೂ ಇಲ್ಲ. ರಕ್ತಕ್ಕೆ ಬಿದ್ದ ಕೊಬ್ಬಿನಾಮ್ಲ ಯಾವ ಜಾಗದಿಂದ ಬಂದಿತು ಎಂದು ಮಾಂಸಖಂಡ ಕೇಳುವುದಿಲ್ಲ.

ಬೆವರಿನ ಬಗ್ಗೆ ನನಗೆ ತುಂಬಾ ಹೇಳಬೇಕಿದೆ, ಏಕೆಂದರೆ ದಪ್ಪ ಇರುವವರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಅದೇ. ಬೆವರು ಮೈ ತಂಪು ಮಾಡುವ ನೀರು. ಅದರ ಮೂಲಕ ಕೊಬ್ಬು ಹೊರಗೆ ಹೋಗುವುದಿಲ್ಲ. ಕರಗಿದ ಕೊಬ್ಬು ಹೋಗುವುದು ಉಸಿರಿನಲ್ಲಿ. ಆಸ್ಟ್ರೇಲಿಯದ ರೂಬೆನ್ ಮೀರ್ಮನ್ ಮತ್ತು ಆ್ಯಂಡ್ರೂ ಬ್ರೌನ್ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಲೆಕ್ಕ ಮಾಡಿ ತೋರಿಸಿದರು. 10 ಕಿಲೋ ಕೊಬ್ಬು ಪೂರ್ತಿ ಉರಿಯಲು 29 ಕಿಲೋ ಆಮ್ಲಜನಕ ಬೇಕು. 28 ಕಿಲೋ ಕಾರ್ಬನ್ ಡೈಆಕ್ಸೈಡ್, 11 ಕಿಲೋ ನೀರು ಆಗುತ್ತದೆ. ಆ 10 ಕಿಲೋದಲ್ಲಿ 8.4 ಕಿಲೋ ಉಸಿರಿನ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟರೆ, ನೀರಾಗಿ ಹೋಗುವುದು 1.6 ಕಿಲೋ ಮಾತ್ರ. ಬೆವರಿಳಿಸುವ ಪ್ಲಾಸ್ಟಿಕ್ ಅಂಗಿ, ಹೊಟ್ಟೆಗೆ ಸುತ್ತುವ ಪಟ್ಟಿ ಇವುಗಳಿಂದ ತಕ್ಕಡಿಯಲ್ಲಿ ಇಳಿಯುವುದು ನೀರು. ನೀರು ಕುಡಿದರೆ ಅದು ವಾಪಸ್. ಭಾರದ ಮೈಗೆ ಶಾಖ ಹೊರಹಾಕುವುದು ಮೊದಲೇ ಕಷ್ಟ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿಕೊಳ್ಳುವುದು ಅಪಾಯ. ಯಾರೂ ಹಾಗೆ ಮಾಡಬೇಡಿ.

ತಿಂಗಳುಗಳು ಕಳೆದವು. ತೂಕ ನಿಧಾನವಾಗಿ ಇಳಿಯಿತು, ಎಷ್ಟೋ ವಾರ ಅಲ್ಲಾಡಲೇ ಇಲ್ಲ. ಆದರೆ ಸೊಂಟದ ಅಳತೆ ತೂಕಕ್ಕಿಂತ ಮೊದಲೇ ಇಳಿಯತೊಡಗಿತು. ಇದು ನನ್ನೊಬ್ಬಳ ವಿಷಯ ಅಲ್ಲ. ವ್ಯಾಯಾಮದಿಂದ ಕರುಳು, ಪಿತ್ತಜನಕಾಂಗದ ಸುತ್ತಲಿನ ಒಳಕೊಬ್ಬು ಕಡಿಮೆಯಾಗುತ್ತದೆ, ತೂಕ ಹೆಚ್ಚು ಬದಲಾಗದಿದ್ದರೂ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಹೆಚ್ಚು ಅಪಾಯ ತರುವುದು ಆ ಒಳಕೊಬ್ಬೇ. ಮಾಂಸಖಂಡಕ್ಕೆ ಇನ್ಸುಲಿನ್ ಮಾತು ಮತ್ತೆ ಕೇಳಿಸತೊಡಗುತ್ತದೆ. ಊಟದ ಮುಂಚಿನ ಸಕ್ಕರೆ ಅಂಕಿ ನನ್ನಲ್ಲಿ ಹೊಸ್ತಿಲಿನಿಂದ ಹಿಂದೆ ಸರಿಯಿತು.

ಆಮೇಲೆ ಮತ್ತೆ ಅದೇ ಮಾಸ್ಕ್, ಅದೇ ಹಂತಗಳು. ಈ ಸಲ ಹಿಂದೆ 0.28 ಗ್ರಾಂ ಉರಿದಿದ್ದ ಅದೇ ವೇಗ, ಅದೇ ಏರಿನಲ್ಲಿ ಆಮ್ಲಜನಕ 1 ಲೀಟರ್, ಕಾರ್ಬನ್ ಡೈಆಕ್ಸೈಡ್ 0.80. ಕೊಬ್ಬು ನಿಮಿಷಕ್ಕೆ 0.33 ಗ್ರಾಂ. ಅಂದರೆ ಒಟ್ಟು ಶಕ್ತಿಯ ಖರ್ಚು ಸ್ವಲ್ಪ ಇಳಿದರೂ ಕೊಬ್ಬಿನ ಪಾಲು ಏರಿದೆ. ಹಿಂದೆ ಗೆರೆ ಕೆಳಗೆ ಬಾಗಿದ್ದ ಹಂತದಲ್ಲಿ ಈಗ ಗೆರೆ ಇನ್ನೂ ಮೇಲೇ ಹೋಗುತ್ತಿತ್ತು, 0.38. ಬೋರ್ಗ್ ಪಟ್ಟಿಯಲ್ಲಿ ನನ್ನ ಬೆರಳು 12ರ ಮೇಲೆ. ತಂತ್ರಜ್ಞೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹಳೆಯ ಗೆರೆ, ಹೊಸ ಗೆರೆ ಒಂದರ ಮೇಲೊಂದು. ಮಾಸ್ಕಿನೊಳಗೆ ಮಾತಾಡುವ ಹಾಗಿಲ್ಲ, ಆದರೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನನ್ನ ಮೈಯ ಬಗ್ಗೆ ಕೇಳಿದ್ದೆಲ್ಲ ಅದಕ್ಕೆ ಏನು ಬರುವುದಿಲ್ಲ ಎಂಬ ಮಾತು. ಇಲ್ಲಿ ಅದು ಕಲಿತದ್ದು ಕಾಣುತ್ತಿತ್ತು. ತೂಕದಲ್ಲಿ ನಾನಿನ್ನೂ ಬೊಜ್ಜಿನ ಪಟ್ಟಿಯಲ್ಲೇ ಇದ್ದೆ.

ಹೊಸ ತುದಿಗೆ ತಕ್ಕಂತೆ ವೈದ್ಯರು ನಡಿಗೆಯ ಎದೆಬಡಿತವನ್ನು 120ರ ಬಳಿಗೆ ಏರಿಸಿದ್ದಾರೆ. ವಾರದಲ್ಲಿ ಒಂದು ದಿನ ಸಣ್ಣ ಸಣ್ಣ ಬಿರುಸಿನ ಏರುಗಳನ್ನೂ ಸೇರಿಸಿದ್ದಾರೆ, ಗರಿಷ್ಠ ಸಾಮರ್ಥ್ಯವೂ ಬೆಳೆಯಲಿ ಅಂತ. ಭಾರ ಎತ್ತುವುದನ್ನು ಮಾತ್ರ ಯಾವ ವಾರವೂ ಬಿಡಬೇಡಿ ಎಂದಿದ್ದಾರೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ, ಕೊಬ್ಬು ಉರಿಯುವುದು ಅಲ್ಲೇ.